ಎಂಜಿಬಿಯ ಸೀಟು, ಗಾಳಿ ಮತ್ತು ಐವತ್ತು ವರ್ಷದ ರಬ್ಬರು

ನನ್ನದು 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಎಂಜಿ ಕಂಪನಿಯ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ನಾವಿರುವ ಆಕ್ಸ್‌ಫರ್ಡಿಗೆ ಆಬಿಂಗ್ಡನ್ ಪಕ್ಕದ ಊರು. ಹಾಗಾಗಿ ಈ ಕಾರಿನ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ.

ಕೊಂಡಾಗ 1798 ಸಿಸಿ ಇಂಜಿನ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಒಳಗೆ ಕೂರುವವರಿಗೆ. ಸ್ವಲ್ಪ ದೂರ ಓಡಿಸಿದರೆ ಸೊಂಟ ಹಿಡಿಯುತ್ತಿತ್ತು. ಬೇಸಿಗೆಯಲ್ಲಿ ಪಕ್ಕದ ಸೀಟಿನಿಂದ ಹೆಂಡತಿ "ರೀ, ಕಾಲು ಸುಡ್ತಿದೆ" ಅನ್ನುತ್ತಿದ್ದಳು. ಮಳೆಯಲ್ಲಿ ಮುಂದಿನ ಗಾಜಿಗೆ ಮಂಜು ಕಟ್ಟಿ ರಸ್ತೆಯೇ ಕಾಣುತ್ತಿರಲಿಲ್ಲ. ಬೇರೆ ಕಾರಿನ ಸೀಟು ಹಾಕಿಸು, ಜೋರಾದ ಫ್ಯಾನ್ ಹಾಕಿಸು ಅಂತ ಸ್ನೇಹಿತರು ಹೇಳಿದರು. ನಾನು ಮೊದಲು ಇರುವುದನ್ನೇ ಬಿಚ್ಚಿ ನೋಡಿದೆ. ಎಲ್ಲಿ ನೋಡಿದರೂ ಕೆಟ್ಟಿದ್ದದ್ದು ರಬ್ಬರು ಮತ್ತು ಸ್ಪಾಂಜು. ಕಬ್ಬಿಣದ ಭಾಗ ಬಹುತೇಕ ಗಟ್ಟಿಯಾಗಿತ್ತು.

ಸೀಟು ಬಿಚ್ಚುವುದು ಸುಲಭ. ಹಿಂದಕ್ಕೆ ತಳ್ಳಿದರೆ ಮುಂದಿನ ಬೋಲ್ಟು ಸಿಗುತ್ತದೆ, ಮುಂದಕ್ಕೆ ಎಳೆದರೆ ಹಿಂದಿನದು. ಇಂಚಿನ ಅಳತೆಯ ಸ್ಪ್ಯಾನರ್ ಬೇಕು, ಮಿಲಿಮೀಟರಿನದು ಹಾಕಿದರೆ ಬೋಲ್ಟಿನ ತಲೆ ಸವೆಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ನೆಲದ ಅಡಿಯಲ್ಲಿ ಬೆಸೆದಿರುವ ನಟ್ಟು ಕಿತ್ತುಬಂದರೆ ಕೆಲಸ ವೆಲ್ಡಿಂಗ್‌ವರೆಗೂ ಹೋಗುತ್ತದೆ.

ಸೀಟಿನ ಹಳಿ ಮತ್ತು ನೆಲದ ನಡುವೆ ಮರದ ಪಟ್ಟಿಗಳಿರುತ್ತವೆ. ನನ್ನ ಕಾರಿನಲ್ಲಿ ಅವು ನೆನೆದು, ಉಗುರಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದವು. ಬ್ರೇಕ್ ಹಾಕಿದಾಗೆಲ್ಲ ಸೀಟು ಅಲುಗುತ್ತಿದ್ದದ್ದು ಅದಕ್ಕೇ. ಹಾಗಾದರೆ ನೀರು ಎಲ್ಲಿಂದ ಬಂತು? ಅದನ್ನು ಹುಡುಕದೆ ಹೊಸ ಮರ, ಹೊಸ ಕಾರ್ಪೆಟ್ ಹಾಕಿದರೆ ಸುಮ್ನೆ ದಂಡ, ಅಲ್ವಾ?

ನೀರು ಬಂದದ್ದು ಗಾಳಿಯ ದಾರಿಯಲ್ಲೇ. ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆ ಒಂದು ಜಾಲರಿ ಇದೆ. ಕಾರು ಓಡುವಾಗ ಅಲ್ಲಿ ಗಾಳಿಯ ಒತ್ತಡ ಜಾಸ್ತಿ, ಹಾಗಾಗಿ ಗಾಳಿ ತಾನಾಗಿಯೇ ಒಳಗೆ ನುಗ್ಗುತ್ತದೆ. ಫ್ಯಾನ್ ಬೇಕಾಗುವುದು ನಿಧಾನ ಹೋಗುವಾಗ, ನಿಂತಾಗ. ಜಾಲರಿಯೊಳಗೆ ಮಳೆನೀರೂ ಬೀಳುತ್ತದೆ. ಅದು ಹರಿದುಹೋಗಲೆಂದು ಕೆಳಗೆ ಒಂದು ರಬ್ಬರ್ ಕೊಳವೆ ಇಟ್ಟಿದ್ದಾರೆ. ಎಲೆ, ಧೂಳು ಸೇರಿ ಅದು ಕಟ್ಟಿಕೊಂಡರೆ ಮೇಲೆ ನೀರು ನಿಲ್ಲುತ್ತದೆ, ತುಂಬಿ ಕಾಲಿನ ಜಾಗಕ್ಕೆ ಇಳಿಯುತ್ತದೆ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಕೆಳಗಿನಿಂದ ಬಾಗುವ ತಂತಿ ತೂರಿಸಿದೆ. ಮೊದಲು ಕಪ್ಪು ಕೆಸರು, ಆಮೇಲೆ ಕೊಳೆತ ಎಲೆ, ಕೊನೆಗೆ ಗಳಗಳ ಅಂತ ನೀರು. ಒಂದು ಜಗ್ ನೀರನ್ನು ಜಾಲರಿಯೊಳಗೆ ಸುರಿದು, ಅದು ಗೇರ್‌ಬಾಕ್ಸ್ ಪಕ್ಕದಲ್ಲಿ ನೆಲಕ್ಕೆ ಬೀಳುವುದನ್ನು ನೋಡಿದ ಮೇಲೆಯೇ ಒಳಗಿನ ಕೆಲಸಕ್ಕೆ ಕೈ ಹಾಕಿದೆ. ಎಂಜಿಬಿ ಇರುವವರು ಪ್ರತಿ ಶರತ್ಕಾಲದಲ್ಲೂ, ಎಲೆ ಉದುರಿದ ಮೇಲೆ, ಈ ಒಂದು ಪರೀಕ್ಷೆ ತಪ್ಪಿಸಬಾರದು.

ಈಗ ಸೀಟು. ಈ ಕಾಲದ ಎಂಜಿಬಿಯಲ್ಲಿ ಫೋಮಿನ ಕೆಳಗೆ ಸ್ಪ್ರಿಂಗ್ ಇಲ್ಲ. ಒಂದು ದಪ್ಪ ರಬ್ಬರ್ ಹಾಳೆ, ಅದಕ್ಕೆ ಡಯಾಫ್ರಂ ಅನ್ನುತ್ತಾರೆ. ಸುತ್ತಲೂ ತಂತಿಯ ಕೊಕ್ಕೆಗಳಿಂದ ಅದನ್ನು ಚೌಕಟ್ಟಿಗೆ ಎಳೆದು ಕಟ್ಟಿರುತ್ತಾರೆ. ನನ್ನದು ಬಿರುಕುಬಿಟ್ಟು ಹಳೇ ನವಾರು ಮಂಚದ ಹಾಗೆ ಜೋತುಬಿದ್ದಿತ್ತು. ಕೂತರೆ ಸೊಂಟ ಕೆಳಗೆ, ಮಂಡಿ ಮೇಲೆ. ಬೆನ್ನುನೋವಿಗೆ ಬೇರೆ ಕಾರಣ ಬೇಕಾಗಿಯೇ ಇರಲಿಲ್ಲ. ಇಂಥ ಸೀಟಿನ ಮೇಲೆ ದಿಂಬು ಹಾಕಿಕೊಂಡು ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಿರುವಿನಲ್ಲಿ ದಿಂಬು ಜಾರುತ್ತದೆ, ಬೆಲ್ಟೂ ಸರಿಯಾಗಿ ಕೂರುವುದಿಲ್ಲ.

ಹೊಸ ಡಯಾಫ್ರಂ, ಅಚ್ಚಿನ ಫೋಮ್, ಕವರ್ ಎಲ್ಲವೂ ಸಿಗುತ್ತವೆ. ಈ ಕಾರಿಗೆ ಇಡೀ ಬಾಡಿ ಶೆಲ್ಲನ್ನೇ, ಅಂದರೆ ಕಾರಿನ ಪೂರ್ತಿ ತಗಡಿನ ಮೈಯನ್ನೇ, 1988ರಿಂದ ಇಲ್ಲಿ ಹೊಸದಾಗಿ ಮಾಡುತ್ತಿದ್ದಾರೆ, ಇನ್ನು ಸೀಟಿನ ರಬ್ಬರು ಯಾವ ಲೆಕ್ಕ. ಕಷ್ಟ ಇರುವುದು ಅದನ್ನು ಕೂರಿಸುವುದರಲ್ಲಿ. ಡಯಾಫ್ರಂ ಅನ್ನು ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಒಂದು ಮೂಲೆಯ ಕೊಕ್ಕೆ ಹಾಕಿ, ಮುಂದಿನದಕ್ಕೆ ಎದುರು ಮೂಲೆಗೆ ಹೋಗಬೇಕು. ಒಂದೇ ಕಡೆಯಿಂದ ಸಾಲಾಗಿ ಹಾಕುತ್ತಾ ಹೋದರೆ ಕೊನೆಯವು ಎಳೆದರೂ ಮುಟ್ಟುವುದಿಲ್ಲ. ಕೊಕ್ಕೆಯನ್ನು ಇಕ್ಕಳದಲ್ಲಿ ಹಿಡಿದು, ಮೈಭಾರ ಹಾಕಿ ಎಳೆದು, ತೂತಿನ ಅಂಚು ದಾಟಿಸಿ ಬಿಟ್ಟರೆ ಟಕ್ ಅಂತ ಕೂರುತ್ತದೆ. ಜಾರಿದರೆ ಅದೇ ಕೊಕ್ಕೆ ಮುಖಕ್ಕೆ ಹಾರುತ್ತದೆ. ಹಾಗಾಗಿ ಕನ್ನಡಕ, ಕೈಗವಸು ಕಡ್ಡಾಯ.

ಕವರ್ ಹಾಕುವಾಗ ಒಂದು ಉಪಾಯ. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿ. ಡ್ರೈಕ್ಲೀನಿಂಗ್ ಅಂಗಡಿಯವರು ಬಟ್ಟೆಗೆ ಹಾಕಿಕೊಡುತ್ತಾರಲ್ಲ, ಅದೇ. ಇಲ್ಲದಿದ್ದರೆ ಫೋಮ್ ಮತ್ತು ರೆಕ್ಸಿನ್ ಒಂದಕ್ಕೊಂದು ಕಚ್ಚಿಕೊಂಡು ಎಳೆಯಲು ಬಿಡುವುದಿಲ್ಲ. ಕವರನ್ನು ಬಿಸಿಲಿಗಿಟ್ಟರೆ ಹಿಗ್ಗುತ್ತದೆ. ಇಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ, ಹೇರ್ ಡ್ರೈಯರ್ ಸಾಕು. ಹೊಲಿಗೆಯ ಗೆರೆ ನೇರ ಕೂತಿದೆಯೇ ನೋಡಿಕೊಂಡು, ಅಂಚನ್ನು ಮಡಿಸಿ ಕ್ಲಿಪ್ ಹಾಕುತ್ತಾ ಬನ್ನಿ.

ಕೊನೆಗೆ ಹೀಟರ್ ಪೆಟ್ಟಿಗೆ. ಇದೇ ದೊಡ್ಡ ಕೆಲಸ. ಅದು ಇಂಜಿನ್ನಿನ ಹಿಂದೆ, ಬಾನೆಟ್ಟಿನ ಕೆಳಗೆ ಇದೆ. ಮೊದಲು ಬ್ಯಾಟರಿ ಬಿಡಿಸಬೇಕು. 1972ರ ಕಾರಿನಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳು ಸೀಟಿನ ಹಿಂದೆಯೇ ಇವೆ, ಸೀಟು ಹೊರಗಿದ್ದರೆ ಕೈ ಆಡಿಸಲು ಆರಾಮ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ (ಇಂಜಿನ್ ತಣಿಸುವ ದ್ರವ) ಇಳಿಸಿ. ಅದು ವಿಷ, ರುಚಿ ಸಿಹಿ. ಬೆಕ್ಕು, ನಾಯಿ ಹತ್ತಿರ ಬರದಂತೆ ಮುಚ್ಚಿಡಿ. ಗಾಜಿಗೆ ಗಾಳಿ ಒಯ್ಯುವ ಕೊಳವೆಗಳನ್ನು ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಳಚಿ, ಕೇಬಲ್ ಬಿಡಿಸಿ, ಅಂಚಿನ ಸ್ಕ್ರೂ ತೆಗೆದರೂ ಪೆಟ್ಟಿಗೆ ಸುಲಭವಾಗಿ ಬರುವುದಿಲ್ಲ. ಹಳೆಯ ಅಂಟು ಹಿಡಿದಿರುತ್ತದೆ. ಅಲುಗಾಡಿಸಿ ತಾಳ್ಮೆಯಿಂದ ಎತ್ತಬೇಕು.

ತೆರೆದು ನೋಡಿದರೆ ಗಾಳಿಯ ದಾರಿ ತೆರೆದು ಮುಚ್ಚುವ ಮುಚ್ಚಳದ ಪಟ್ಟಿಗೆ ಅಂಟಿಸಿದ್ದ ಸ್ಪಾಂಜು ಪೂರ್ತಿ ಪುಡಿ. ಫ್ಯಾನ್ ಹಾಕಿದಾಗ ಕಪ್ಪು ಚೂರು ಹಾರಿಬರುತ್ತಿದ್ದದ್ದು ಇದರಿಂದಲೇ. ಬಿಸಿನೀರು ಹರಿಯುವ ತಾಮ್ರ-ಹಿತ್ತಾಳೆಯ ಜಾಲದ ಸುತ್ತಲಿನ ಸ್ಪಾಂಜೂ ಹೋಗಿತ್ತು. ಗಾಳಿ ಜಾಲದ ಒಳಗೆ ಹಾಯದೆ ಪಕ್ಕದಿಂದ ನುಸುಳುತ್ತಿತ್ತು. ಪೆಟ್ಟಿಗೆಯ ತಳದ ಪಟ್ಟಿ ಇಲ್ಲದೆ ಅರ್ಧ ಗಾಳಿ ಇಂಜಿನ್ ಕಡೆಗೇ ವಾಪಸ್. ಇಷ್ಟು ಸೋರಿಕೆ ಇಟ್ಟುಕೊಂಡು ದೊಡ್ಡ ಫ್ಯಾನ್ ಹಾಕಿದ್ದರೆ ಏನು ಬಂತು? ನೀರು ಹೀರದ ಸ್ಪಾಂಜ್ ಹಾಳೆ ತಂದು ಎಲ್ಲ ಕಡೆ ಹೊಸದಾಗಿ ಅಂಟಿಸಿದೆ. ಜಾಲಕ್ಕೆ ಎರಡೂ ಕಡೆಯಿಂದ ಹೋಸ್ ಪೈಪಿನಲ್ಲಿ ನೀರು ಬಿಟ್ಟು ತೊಳೆದೆ. ಫ್ಯಾನಿನ ವೈರಿನ ತುದಿಗಳನ್ನು ಉಜ್ಜಿ ಹೊಳೆಯುವಂತೆ ಮಾಡಿದೆ. ಮೋಟರಿಗೆ ಅಷ್ಟೇ ಬೇಕಾಗಿತ್ತು.

ಕಾಲು ಸುಡುವುದಕ್ಕೆ ಕಾರಣ ಎರಡು. ಒಂದು, ಇಂಜಿನ್ ಹೆಡ್ಡಿನ ಹಿಂಭಾಗದಲ್ಲಿರುವ ನೀರಿನ ವಾಲ್ವ್. ಗುಂಡಿಯನ್ನು ತಣ್ಣಗೆ ಅಂತ ತಿರುಗಿಸಿದರೂ ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಗುಂಡಿಯನ್ನು ತಣ್ಣಗೆ ಇಟ್ಟು ಓಡಿಸಿ, ಇಂಜಿನ್ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ವಾಲ್ವ್ ದಾಟಿದ ನಂತರದ ಹೋಸನ್ನು ಹುಷಾರಾಗಿ ಮುಟ್ಟಿ ನೋಡಿ. ಬಿಸಿ ಇದ್ದರೆ ವಾಲ್ವ್ ಸೋರುತ್ತಿದೆ, ಇಲ್ಲವೇ ಕೇಬಲ್ ಸಡಿಲವಾಗಿದೆ. ನಾನು ವಾಲ್ವ್ ಬದಲಿಸಿದೆ. ಎರಡು, ಇಂಜಿನ್ ಕಡೆಯ ಗೋಡೆಯಲ್ಲಿ ಕೇಬಲ್, ವೈರು ಹಾಯುವ ತೂತುಗಳು ಮತ್ತು ಗೇರ್ ಲಿವರಿನ ಬುಡದ ರಬ್ಬರ್ ಮುಸುಕು. ಕತ್ತಲಲ್ಲಿ ಇಂಜಿನ್ ಕಡೆ ಟಾರ್ಚ್ ಇಟ್ಟು ಒಳಗೆ ಕೂತು ನೋಡಿದರೆ ಎಲ್ಲೆಲ್ಲಿ ತೂತಿದೆ ಅಂತ ಬೆಳಕೇ ತೋರಿಸುತ್ತದೆ. ಅಲ್ಲೆಲ್ಲ ಹೊಸ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿದೆ. ಈ ತೂತುಗಳಿಂದ ಬಿಸಿ ಮಾತ್ರ ಅಲ್ಲ, ಪೆಟ್ರೋಲ್ ಮತ್ತು ಹೊಗೆಯ ವಾಸನೆಯೂ ಒಳಗೆ ಬರುತ್ತದೆ. ಅವನ್ನು ಮುಚ್ಚುವುದು ಆರೋಗ್ಯದ ವಿಷಯ.

ಈಗ ಬೇಸಿಗೆಯಲ್ಲಿ ಕಾಲಿನ ಹತ್ತಿರದ ಎರಡು ಪುಟ್ಟ ತಗಡಿನ ಬಾಗಿಲು ತೆರೆದರೆ ತಣ್ಣನೆ ಗಾಳಿ ಬರುತ್ತದೆ. ಹೆಂಡತಿ ಮೊದಲ ಸಲ ಅದಕ್ಕೆ ಕಾಲು ಒಡ್ಡಿ "ಎಸಿ ಹಾಕಿಸಿದ್ರಾ?" ಅಂತ ಕೇಳಿದಳು.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿರದ ಕಾರಿಗೆ ವಾರ್ಷಿಕ ಎಂಓಟಿ ತಪಾಸಣೆ ಕಡ್ಡಾಯವಲ್ಲ. ಸೀಟು ಗಟ್ಟಿಯಾಗಿದೆಯೇ ಅಂತ ಬೇರೆಯವರು ಬಂದು ನೋಡುವುದಿಲ್ಲ. ಹೊಸ ಮರದ ಪಟ್ಟಿ ಭಾರಕ್ಕೆ ಸ್ವಲ್ಪ ಅಮುಕಿಕೊಳ್ಳುವುದರಿಂದ ಬೋಲ್ಟು ಸಡಿಲವಾಗುತ್ತದೆ. ಒಂದೆರಡು ವಾರ ಓಡಿಸಿದ ಮೇಲೆ ನಾಲ್ಕೂ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.