ಹತ್ತು ನಾಣ್ಯ, ಒಂದು ಪೊರಕೆ: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಬೈಬಲ್ ಕಥೆ

ನನ್ನ ಮಗಳಿಗೆ ನಾಲ್ಕು ವರ್ಷ. ಸಂಡೇ ಸ್ಕೂಲಿಂದ ಬಣ್ಣ ಹಚ್ಚಿದ ಹಾಳೆ ಹಿಡಿದು ಬರುತ್ತಾಳೆ. ಇವತ್ತು ಯಾವ ಕಥೆ ಹೇಳಿದರು ಅಂದರೆ "ಬಿಸ್ಕತ್ತು ಕೊಟ್ಟರು" ಅನ್ನುತ್ತಾಳೆ. ಸರಿ, ಮನೆಯಲ್ಲೇ ಹೇಳೋಣ ಅಂತ ಶುರು ಮಾಡಿದೆ.

ಮೊದಲು ಮಾಡಿದ ತಪ್ಪು, ಸತ್ಯವೇದ (ಕನ್ನಡ ಬೈಬಲ್) ತೆಗೆದು ಮೊದಲ ಪುಸ್ತಕ ಆದಿಕಾಂಡದಿಂದ ಓದತೊಡಗಿದ್ದು. ಆ ಹಳೇ ಕನ್ನಡ ನನಗೇ ಎರಡು ಸಲ ಓದಿದರೆ ಅರ್ಥವಾಗುವುದು, ಮಗುವಿಗೆ ಏನು ಗೊತ್ತಾಗಬೇಕು? ಈಗ ಹಿಂದಿನ ರಾತ್ರಿ ನಾನೊಬ್ಬಳೇ ಓದಿಕೊಳ್ಳುತ್ತೇನೆ. ಮಾರನೇ ದಿನ ಪುಸ್ತಕ ಮುಚ್ಚಿಟ್ಟು, ಊಟಕ್ಕೆ ಬಾ ಅಂತ ಕರೆಯುವ ಭಾಷೆಯಲ್ಲೇ ಹೇಳುತ್ತೇನೆ. ಐದು ನಿಮಿಷ ಸಾಕು.

ಎಲ್ಲರೂ ನೋಹನಿಂದ ಶುರು ಮಾಡುತ್ತಾರೆ, ಪ್ರಳಯದಲ್ಲಿ ನಾವೆ ಅಂದರೆ ದೊಡ್ಡ ಹಡಗು ಕಟ್ಟಿ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿದವನು, ಪ್ರಾಣಿಗಳಿವೆಯಲ್ಲ ಅಂತ. ನಾನೂ ಮಾಡಿದೆ. ನಲವತ್ತು ಹಗಲು ನಲವತ್ತು ರಾತ್ರಿ ಮಳೆ ಅಂತ ಕೈ ಆಡಿಸಿ ಜೋರಾಗೇ ಹೇಳಿದೆ. ಅದೇ ವಾರ ಮೇ ತಿಂಗಳ ಒಂದು ಸಂಜೆ ಮಳೆ ಹುಯ್ದು ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಹುಡುಗಿ ಮಂಚದ ಕೆಳಗೆ ಸೇರಿಕೊಂಡು "ಅಮ್ಮಾ, ನಾವು ನಾವೆ ಮಾಡೇ ಇಲ್ಲ" ಅಂತ ಒಂದೇ ಸಮ ಅಳು. ಆಮೇಲಿಂದ ಆ ಕಥೆಯನ್ನು ಮಳೆ ನಿಂತ ಮೇಲಿಂದ ಹೇಳುತ್ತೇನೆ. ನೀರು ಇಳಿಯಿತಾ ನೋಡಲು ನೋಹ ಹಕ್ಕಿ ಬಿಟ್ಟ, ಮೊದಲು ಕಾಗೆ ಹೋಯಿತು. ಆಮೇಲೆ ಪಾರಿವಾಳ ಹೋಗಿ ಕೂರಲು ಜಾಗ ಸಿಗದೆ ವಾಪಸ್ ಬಂತು, ಏಳು ದಿನ ಬಿಟ್ಟು ಹೋದಾಗ ಆಲಿವ್ ಎಲೆ ಕಚ್ಚಿಕೊಂಡು ಬಂತು, ಮತ್ತೆ ಏಳು ದಿನಕ್ಕೆ ಹೋದದ್ದು ಬರಲೇ ಇಲ್ಲ. ಯಾಕೆ ಬರಲಿಲ್ಲ? ಕೇಳಿ, ಸುಮ್ಮನಿರಿ. ಬೆಂಗಳೂರಿನ ಬಾಲ್ಕನಿ ನೋಡಿದ ಮಗು ಪಾರಿವಾಳದ ಬಗ್ಗೆ ಬೇಕಾದಷ್ಟು ಹೇಳುತ್ತದೆ.

ಶುರು ಮಾಡಲು ನನ್ನ ಆಯ್ಕೆ ಕಳೆದುಹೋದ ನಾಣ್ಯದ ಕಥೆ. ಯೇಸು ಹೇಳಿದ್ದು, ಬೈಬಲಿನ ಲೂಕ ಪುಸ್ತಕದ 15ನೇ ಅಧ್ಯಾಯ, 8ರಿಂದ 10, ಮೂರೇ ವಚನ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯ, ಒಂದು ಕಳೆಯಿತು. ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕಿದಳು. ಸಿಕ್ಕಿದ ಮೇಲೆ ಗೆಳತಿಯರನ್ನೂ ಅಕ್ಕಪಕ್ಕದವರನ್ನೂ ಕರೆದು ಖುಷಿಪಟ್ಟಳು. ಅದರ ಮುಂಚಿನ ಕುರಿಯ ಕಥೆಯಲ್ಲಿ ನೂರು ಕುರಿ, ನಾಲ್ಕು ವರ್ಷಕ್ಕೆ ನೂರು ಜಾಸ್ತಿಯಾಯಿತು. ಹತ್ತಾದರೆ ಬೆರಳಲ್ಲೇ ಮುಗಿಯುತ್ತದೆ, ಅಲ್ವಾ?

ಹತ್ತು ಒಂದು ರೂಪಾಯಿ ನಾಣ್ಯ ಚಾಪೆ ಮೇಲೆ ಸಾಲಾಗಿ ಇಡಿಸಿ ಎಣಿಸಿ. (ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ನಾಣ್ಯ ಬೇಡ, ದೊಡ್ಡ ಡಬ್ಬಿಗಳ ಮುಚ್ಚಳ ಬಳಸಿ.) ಮಗು ಆಚೆ ತಿರುಗಿದಾಗ ಒಂದನ್ನು ಬಚ್ಚಿಡಿ. ಲೈಟ್ ಆರಿಸಿ, ಕೈಗೆ ಟಾರ್ಚ್, ಪೊರಕೆ ಕೊಡಿ. ಕರೆಂಟ್ ಹೋದ ಸಂಜೆಯಾದರೆ ಇನ್ನೂ ಒಳ್ಳೆಯದು. ನೀವು ಹುಡುಕಿ ಕೊಡಬೇಡಿ. ನನ್ನ ಮಗಳು ಸೋಫಾ ಕೆಳಗಿಂದ ಒಂದು ಕಡಲೆಕಾಯಿ ಸಿಪ್ಪೆ, ನನ್ನ ಕಿವಿಯೋಲೆಯ ತಿರುಪು, ಆಮೇಲೆ ನಾಣ್ಯ ತೆಗೆದಳು. ನಾನು ಏನೂ ಹೇಳುವ ಮೊದಲೇ ಬಾಗಿಲು ತೆಗೆದು ಪಕ್ಕದ ಮನೆ ಆಂಟಿಗೆ "ಸಿಕ್ತು!" ಅಂತ ಕೂಗಿದಳು. ಆಂಟಿಗೆ ಏನು ಸಿಕ್ಕಿತೆಂದು ಗೊತ್ತಿಲ್ಲದಿದ್ದರೂ ಚಪ್ಪಾಳೆ ತಟ್ಟಿದರು. ಆ ಹೆಂಗಸಿನ ಒಂದು ನಾಣ್ಯ ಹೆಚ್ಚುಕಡಿಮೆ ಒಂದು ದಿನದ ಕೂಲಿಗೆ ಸಮ, ಅದನ್ನೂ ಸೇರಿಸಿ ಹೇಳಿ. ಅಷ್ಟೇ ಆದಮೇಲೆ "ದೇವರೂ ನಿನ್ನನ್ನು ಹೀಗೇ ಹುಡುಕುತ್ತಾರೆ" ಅನ್ನುವ ಒಂದು ಮಾತು ಸಾಕು. ನೀತಿಪಾಠ ಬೇಡ.

ಒಂದು ಕಥೆಯನ್ನು ಒಂದು ವಾರ ಇಟ್ಟುಕೊಳ್ಳಿ. ನಮಗೆ ಬೇಜಾರಾಗುತ್ತದೆ, ಮಕ್ಕಳಿಗಲ್ಲ.

ಮುಂದಿನದು ಜಕ್ಕಾಯ. ಗಿಡ್ಡ ಮನುಷ್ಯ, ಯೇಸು ಕಾಣಲಿಲ್ಲ ಅಂತ ಮರ ಹತ್ತಿದವನು. ಅದು ನಮ್ಮ ಅತ್ತಿಮರದ ಬಳಗದ್ದೇ ಮರ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕ ಚರ್ಚಿನ ಹಬ್ಬದ ಜನಜಂಗುಳಿಯಲ್ಲಿ ತೇರು ಕಾಣದೆ ಅಪ್ಪನ ಹೆಗಲೇರಿದ ಮಗುವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಯೇಸು ಸಾವಿರಾರು ಜನಕ್ಕೆ ಉಣಿಸಿದ ಐದು ಜವೆಗೋಧಿ ರೊಟ್ಟಿ, ಎರಡು ಮೀನಿನ ಕಥೆಯನ್ನು ಚಪಾತಿ ಲಟ್ಟಿಸುವಾಗ ಹೇಳಿ, ಹಿಟ್ಟಿನ ಉಂಡೆ ಮಗುವಿನ ಕೈಗೇ ಕೊಡಿ. ಪ್ರವಾದಿ ಯೋನನನ್ನು ಸಮುದ್ರದಲ್ಲಿ ನುಂಗಿದ್ದು ದೊಡ್ಡ ಮೀನು ಅಂತಷ್ಟೇ ಇದೆ, ಮಗು ತಿಮಿಂಗಿಲ ಅಂದರೆ ಜಗಳ ಬೇಡ. ಕವಣೆ ಕಲ್ಲಿನಿಂದ ದೈತ್ಯ ಗೊಲ್ಯಾತನನ್ನು ಬೀಳಿಸಿದ ದಾವೀದನ ಕಥೆ ಹೇಳುವ ದಿನ ಮಾತ್ರ ಕಲ್ಲಿನ ಬದಲು ಕಾಲುಚೀಲದ ಉಂಡೆ ಕೊಡಿ, ಟಿವಿ ಇರುವ ಕೋಣೆ ಬಿಟ್ಟು.

ಶನಿವಾರ ರಾತ್ರಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಮಗುವಿನ ಕೈಲೇ ಕಥೆ ಹೇಳಿಸಿ. ನಮ್ಮವಳ ಕಥೆಯಲ್ಲಿ ಆ ಹೆಂಗಸಿಗೆ ಮೊದಲು ಕಡಲೆಕಾಯಿ ಸಿಪ್ಪೆ ಸಿಗುತ್ತದೆ. ಅಜ್ಜಿ ತಿದ್ದಲು ಬಾಯಿ ತೆರೆದರು, ನಾನು ಹಿಂದಿನಿಂದ ಬೇಡ ಅಂತ ಕೈ ಆಡಿಸಿದೆ.