ಕಳ್ಳಿ ಗಿಡಕ್ಕೆ ನೀರೆರೆಯುವ ಹದ

ಮನೆಯಲ್ಲಿ ಬೆಳೆಸಿದ ಕಳ್ಳಿ ಗಿಡಗಳು ನೀರಿಲ್ಲದೆ ಸಾಯುವುದು ಅಪರೂಪ. ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಇದನ್ನು ನಾನು ಕಲಿತದ್ದು ಒಂದು ಗಿಡವನ್ನು ಕಳೆದುಕೊಂಡ ಮೇಲೆ. ಚೆಂಡಿನಂತಿದ್ದ ಆ ಕ್ಯಾಕ್ಟಸ್‌ಗೆ ಉಳಿದ ಕುಂಡಗಳ ಜೊತೆಯಲ್ಲೇ ದಿನಕ್ಕೊಂದು ಲೋಟ ನೀರು ಹಾಕುತ್ತಿದ್ದೆ. ನೋಡಲು ಹಸಿರಾಗಿಯೇ ಇತ್ತು. ಒಂದು ದಿನ ಜಾಗ ಬದಲಿಸಲೆಂದು ಬಟ್ಟೆ ಸುತ್ತಿ ಹಿಡಿದಾಗ ಅದು ಬುಡದಿಂದ ಕಳಚಿ ಕೈಗೇ ಬಂದಿತು. ಒಳಗೆಲ್ಲ ಕಂದು ಲೋಳೆ, ಬೇರಿದ್ದ ಕಡೆ ಹುಳಿತ ವಾಸನೆ.

ಈ ಗಿಡಗಳ ದಿನಚರಿಯೇ ಬೇರೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಬಿಸಿಲಿಗೆ ಬಹಳಷ್ಟು ನೀರನ್ನೂ ಕಳೆದುಕೊಳ್ಳುತ್ತವೆ. ಕ್ಯಾಕ್ಟಸ್ ಮತ್ತು ಮೈಯಲ್ಲಿ ನೀರು ಕೂಡಿಟ್ಟುಕೊಳ್ಳುವ ಅನೇಕ ಸಕ್ಯುಲೆಂಟ್‌ಗಳು ಮಾತ್ರ ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು ಬೆಳಕಿನ ಬಲದಿಂದ ಅದನ್ನೇ ಸಕ್ಕರೆಯಾಗಿಸುತ್ತವೆ. ಖರ್ಚು ಇಷ್ಟು ಕಡಿಮೆಯಾದುದರಿಂದಲೇ ನಾವು ಹಾಕಿದ ನೀರು ಕುಂಡದಲ್ಲಿ ನಿಂತು ಬೇರನ್ನು ಉಸಿರುಗಟ್ಟಿಸುತ್ತದೆ.

ಹಾಗಾಗಿ ವಾರಕ್ಕಿಷ್ಟು ಸಲ ಎಂದು ಲೆಕ್ಕ ಇಟ್ಟುಕೊಳ್ಳಬೇಡಿ. ಒಂದು ಒಣ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಡ್ಡಿಗೆ ಮಣ್ಣು ಮೆತ್ತಿದ್ದರೆ ಅಥವಾ ಅದು ತಣ್ಣಗಿದ್ದರೆ ಇನ್ನೂ ಕಾಯಬೇಕು. ಪೂರ್ತಿ ಒಣಗಿದ್ದರೆ ತಳದ ತೂತಿನಿಂದ ಹರಿದುಹೋಗುವಷ್ಟು ಧಾರಾಳವಾಗಿ ನೀರೆರೆದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ದಿನಾ ಒಂದೊಂದು ಚಮಚ ಚಿಮುಕಿಸುವುದಕ್ಕಿಂತ ಇದು ಎಷ್ಟೋ ಮೇಲು. ಎಲೆ ಸುಕ್ಕುಗಟ್ಟಿ ಮೆತ್ತಗಾಗಿದ್ದರೆ ಅದು ಬಾಯಾರಿಕೆ. ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರುವಂತಿದ್ದರೆ ಅದು ನೀರು ಹೆಚ್ಚಾದ ಲಕ್ಷಣ. ಎಲೆ ಸುಕ್ಕಾಗಿದ್ದೂ ಮಣ್ಣು ಒದ್ದೆಯಾಗಿದ್ದರೆ ಬೇರು ಕೊಳೆತಿರಬಹುದು, ಕೂಡಲೇ ಗಿಡವನ್ನು ಹೊರತೆಗೆದು ನೋಡಿ.

ಮಣ್ಣಿಗೆ ಅರ್ಧದಷ್ಟಾದರೂ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಬೆರೆಸಿ. ಕುಂಡದ ತಳದಲ್ಲಿ ಪ್ರತ್ಯೇಕವಾಗಿ ಕಲ್ಲಿನ ಪದರ ಹಾಕುವ ಅಭ್ಯಾಸ ಅನೇಕರಿಗಿದೆ, ಅದರಿಂದ ಪ್ರಯೋಜನವಿಲ್ಲ. ನೀರು ಸಣ್ಣ ಮಣ್ಣಿನಿಂದ ದೊಡ್ಡ ಕಲ್ಲಿಗೆ ಸುಲಭವಾಗಿ ಇಳಿಯದೆ ಪದರದ ಮೇಲೆಯೇ, ಬೇರಿಗೆ ಇನ್ನಷ್ಟು ಹತ್ತಿರದಲ್ಲಿ, ನಿಲ್ಲುತ್ತದೆ. ಸುಟ್ಟ ಮಣ್ಣಿನ ಕುಂಡ ಬೇಗ ಒಣಗುವುದರಿಂದ ಹೊಸಬರಿಗೆ ಅದೇ ಸೂಕ್ತ.

ನಮ್ಮ ಮಾತಿನಲ್ಲಿ ಕಳ್ಳಿ ಎನ್ನಿಸಿಕೊಳ್ಳುವುದೆಲ್ಲ ಕ್ಯಾಕ್ಟಸ್ ಅಲ್ಲ ಎಂಬುದನ್ನು ಕತ್ತರಿ ಹಿಡಿಯುವ ಮೊದಲು ತಿಳಿದಿರಬೇಕು. ಅಮೆರಿಕ ಖಂಡಗಳಿಂದ ಬಂದ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಕೊಂಬುಗಳ್ಳಿ, ಎಲೆಗಳ್ಳಿಗಳು ಯೂಫೋರ್ಬಿಯ ಎಂಬ ಬೇರೆಯೇ ಕುಲದವು. ಕ್ಯಾಕ್ಟಸ್‌ನ ಮುಳ್ಳುಗಳು ಹತ್ತಿಯ ಚುಕ್ಕೆಯಂಥ ಪುಟ್ಟ ಉಬ್ಬಿನಿಂದ ಹೊರಡುತ್ತವೆ, ಯೂಫೋರ್ಬಿಯದಲ್ಲಿ ಆ ಉಬ್ಬು ಇರುವುದಿಲ್ಲ. ಬದಲಿಗೆ ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಈ ಹಾಲು ಚರ್ಮವನ್ನು ಉರಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ತಗುಲಿದರೆ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಿ.

ಪಾಪಾಸುಕಳ್ಳಿಯಲ್ಲಿ ದೊಡ್ಡ ಮುಳ್ಳಿಗಿಂತ ಬುಡದಲ್ಲಿರುವ ಕೂದಲಿನಂಥ ನವಿರು ಮುಳ್ಳುಗಳೇ ಹೆಚ್ಚು ಕಾಡುತ್ತವೆ, ಏಕೆಂದರೆ ಅವುಗಳ ಮೈಯಲ್ಲಿ ಹಿಮ್ಮುಖವಾದ ಕೊಕ್ಕೆಗಳಿವೆ. ಚುಚ್ಚಿದಾಗ ಉಜ್ಜಬೇಡಿ. ಮೊದಲು ಚಿಮಟದಿಂದ ಸಿಕ್ಕಷ್ಟನ್ನು ಕಿತ್ತು, ಉಳಿದದ್ದರ ಮೇಲೆ ಬಿಳಿ ಅಂಟು ಸವರಿ, ಒಣಗಿದ ಮೇಲೆ ಸಿಪ್ಪೆಯಂತೆ ಎಬ್ಬಿಸಿ. ಕುಂಡ ಬದಲಿಸುವಾಗ ಪತ್ರಿಕೆಯ ಹಾಳೆಯನ್ನು ಮಡಚಿ ಮಡಚಿ ದಪ್ಪ ಪಟ್ಟಿ ಮಾಡಿ, ಗಿಡದ ಸೊಂಟಕ್ಕೆ ಸುತ್ತಿ, ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು ಎತ್ತಿದರೆ ಮುಳ್ಳೂ ಮುರಿಯುವುದಿಲ್ಲ, ಕೈಯೂ ಉಳಿಯುತ್ತದೆ.

ಗಿಡದ ಸಂದಿಗಳಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿರುವುದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ತೆಗೆಯಿರಿ. ಇದರ ದೂರದ ಬಂಧುವಾದ, ಪಾಪಾಸುಕಳ್ಳಿಯ ಮೇಲೆಯೇ ಬದುಕುವ ಕಾಚಿನೀಲ್ ಕೀಟದಿಂದ ಮೆಕ್ಸಿಕೋದ ಜನರು ಶತಮಾನಗಳ ಕಾಲ ಕಡುಗೆಂಪು ಬಣ್ಣ ತೆಗೆದು ಬಟ್ಟೆಗೆ ಹಾಕಿದ್ದಾರೆ.

ಲೋಳೆಸರದ ಎಲೆಯನ್ನು ಕತ್ತರಿಸಿದ ಕೂಡಲೇ ಬಳಸಬೇಡಿ. ಕೊಯ್ದ ತುದಿಯನ್ನು ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿದರೆ ಸಿಪ್ಪೆಯ ಕೆಳಗಿನ ಹಳದಿ ರಸ ಇಳಿದುಹೋಗುತ್ತದೆ. ಅದು ಕಹಿ, ಬಲವಾದ ಭೇದಿಕಾರಕ. ತಿಳಿಯಾದ ಲೋಳೆಯನ್ನು ಮೊದಲು ಮೊಣಕೈ ಒಳಭಾಗದಲ್ಲಿ ಸವರಿ ನೋಡಿ, ಉರಿಯದಿದ್ದರೆ ಬಿಸಿಲಿನ ಸಣ್ಣ ಕೆಂಪಿಗೆ ಹಚ್ಚಬಹುದು. ಆಳವಾದ ಗಾಯಕ್ಕೆ ಬೇಡ.

ಹೊಸ ಗಿಡ ಕೊಳ್ಳುವಾಗ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ಪಡೆಯಿರಿ. ಕಾಡಿನಿಂದ ಕಿತ್ತು ಮಾರುವ ಹಾವಳಿಯಿಂದಾಗಿಯೇ 1975ರಿಂದ ಬಹುತೇಕ ಇಡೀ ಕ್ಯಾಕ್ಟಸ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರ ಅಳಿವಿನ ಅಂಚಿನ ಜೀವಿಗಳನ್ನು ಕಾಪಾಡುವ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ.

ಕೊಳ್ಳುವುದಕ್ಕಿಂತ ನನಗೆ ಪ್ರಿಯವಾದದ್ದು ಎಲೆಯಿಂದ ಗಿಡ ಮಾಡುವುದು. ದಪ್ಪ ಎಲೆಗಳು ಹೂವಿನಂತೆ ಜೋಡಿಕೊಂಡಿರುವ ಎಚಿವೇರಿಯದಂಥ ಗಿಡದ ಎಲೆಯನ್ನು ಬುಡಸಮೇತ ಮೆಲ್ಲನೆ ಅತ್ತಿತ್ತ ಅಲುಗಿಸಿ ಬಿಡಿಸಿ, ಗಾಯ ಒಣಗುವವರೆಗೆ ನಾಲ್ಕಾರು ದಿನ ನೆರಳಿನಲ್ಲಿಟ್ಟು, ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿ. ಕೆಲವು ವಾರಗಳಲ್ಲಿ ಬಿಡಿಸಿದ ತುದಿಯಿಂದ ನೂಲಿನಂಥ ಗುಲಾಬಿ ಬೇರುಗಳೂ ಬೆನ್ನಲ್ಲೇ ಮೆಣಸಿನ ಕಾಳಿನಷ್ಟು ಪುಟ್ಟ ಚಿಗುರೂ ಮೂಡುತ್ತವೆ. ಆ ಹೊತ್ತಿಗೆ ತಾಯೆಲೆ ಸುಕ್ಕುಗಟ್ಟಲಾರಂಭಿಸುತ್ತದೆ; ತನ್ನೊಳಗಿನ ನೀರನ್ನೆಲ್ಲ ಅದು ಚಿಗುರಿಗೆ ಕೊಡುತ್ತಿರುತ್ತದೆ, ಹಾಗಾಗಿ ಪೂರ್ತಿ ಒಣಗಿ ತಾನಾಗಿ ಕಳಚಿಕೊಳ್ಳುವವರೆಗೆ ಅದನ್ನು ಕೀಳಬೇಡಿ.