ಅಮೆರಿಕದಲ್ಲಿ ಹೊಲ ಕೊಂಡವರಿಗೆ: ಸಬ್ಸಿಡಿ ಆಮೇಲೆ, ಖರೀದಿಯ ವರದಿ ಕೊಡುವ 90 ದಿನಗಳ ಗಡುವು ಮೊದಲು

ಟೆಕ್ಸಾಸ್‌ನ ದೊಡ್ಡ ನಗರಗಳಲ್ಲಿ ನೌಕರಿಯಲ್ಲಿರುವ ನಮ್ಮವರು ಊರಾಚೆಯ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಜಮೀನು ಕೊಳ್ಳುತ್ತಿದ್ದಾರೆ. ಕೃಷಿ ಭೂಮಿಗಿರುವ ಆಸ್ತಿ ತೆರಿಗೆಯ ರಿಯಾಯಿತಿ ಎಲ್ಲರಿಗೂ ಗೊತ್ತು. ಆದರೆ ಅದು ಸಿಕ್ಕಿದ ಮೇಲೆ ಫೆಡರಲ್ ಕೃಷಿ ಇಲಾಖೆಯ ಸಬ್ಸಿಡಿಯೂ ತಾನಾಗಿ ಬರುತ್ತದೆಂದು ನಂಬಿ ಕುಳಿತವರನ್ನು ಪದೇಪದೇ ಕಾಣುತ್ತಿದ್ದೇನೆ. ಸಬ್ಸಿಡಿ ಕೊಡುವುದು ಆ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿ (ಎಫ್‌ಎಸ್‌ಎ); ಅದರ ಸ್ಥಳೀಯ ಕಚೇರಿಗೆ ಕ್ರಯಪತ್ರ ಒಯ್ದು, ಹೊಲವನ್ನು ಗುರುತಿಸುವ ಫಾರ್ಮ್ ನಂಬರ್ ಮಾಡಿಸಿಕೊಂಡು, ಯಾವ ಎಕರೆಯಲ್ಲಿ ಏನಿದೆಯೆಂದು ಪ್ರತಿ ವರ್ಷ ಗಡುವಿನೊಳಗೆ ಬರೆದುಕೊಡಬೇಕು.

ನಮ್ಮಲ್ಲಿ ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ಪಹಣಿಯಲ್ಲಿ ಹೆಸರಿರುವವನ ಖಾತೆಗೆ ಹೋಗುತ್ತದೆ, ಗೇಣಿಗೆ ಉಳುವವನಿಗೆ ಏನೂ ಇಲ್ಲ. ಇಲ್ಲಿ ಬೆಳೆಯ ಲಾಭನಷ್ಟ ಹೊರುವವನಿಗೆ ಹಣ: ನಗದು ಗೇಣಿಗೆ ಕೊಟ್ಟರೆ ಮಾಲೀಕನಿಗೆ ಬಿಡಿಗಾಸೂ ಇಲ್ಲ, ಪಾಲಿಗೆ ಕೊಟ್ಟರೆ ಪಾಲಿನಷ್ಟು. ಈ ಮಟ್ಟಿಗೆ ಅಮೆರಿಕದ ಪದ್ಧತಿಯೇ ನ್ಯಾಯವಾದದ್ದು. ಆದರೆ ಮೆಕ್ಕೆಜೋಳ, ಗೋಧಿಗಳ ಬೆಲೆ ಕುಸಿದಾಗ ಬರುವ ಹಣ ಈ ವರ್ಷ ಬಿತ್ತಿದ್ದನ್ನು ನೋಡದೆ, ಹಿಂದಿನ ವರ್ಷಗಳ ಬಿತ್ತನೆಯ ಮೇಲೆ ಎಂದೋ ದಾಖಲಾದ ಎಕರೆ ಲೆಕ್ಕವನ್ನು, ಅಂದರೆ 'ಬೇಸ್ ಎಕರೆ'ಯನ್ನು ನೋಡುತ್ತದೆ. ಇದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ. ಹೊಲ ಕೊಳ್ಳುವ ಮೊದಲು ಮಾರುವವನಿಂದ ಎಫ್‌ಎಸ್‌ಎ-156ಇಝಡ್ ಎಂಬ ದಾಖಲೆ ಕೇಳಿ ನೋಡಿ, ಬೇಸ್ ಎಷ್ಟಿದೆಯೆಂದು ಅದರಲ್ಲಿರುತ್ತದೆ.

ದನ ಸಾಕುವವರಿಗೆ ಬರಗಾಲದ ಮೇವಿನ ಪರಿಹಾರವಿದೆ. ಕೌಂಟಿಯ ಯಾವುದೇ ಭಾಗ ಬರ ನಕ್ಷೆಯಲ್ಲಿ ಹುಲ್ಲು ಬೆಳೆಯುವ ಋತುವಿನ 4 ವಾರ ಸತತವಾಗಿ ಡಿ2 (ತೀವ್ರ ಬರ) ಮಟ್ಟದಲ್ಲಿದ್ದರೆ ಅರ್ಹತೆ ಹುಟ್ಟುತ್ತದೆ.

ಈಗ ಹಣ ಕಳೆಯುವ ವಿಷಯಕ್ಕೆ ಬರುತ್ತೇನೆ. ಎಚ್-1ಬಿ ವೀಸಾದಲ್ಲಿದ್ದ (ಕರೆಸಿಕೊಂಡ ಕಂಪನಿಯ ನೌಕರಿಗಷ್ಟೇ ಸಿಗುವ ತಾತ್ಕಾಲಿಕ ವೀಸಾ) ನಮ್ಮ ಪರಿಚಯದವರೊಬ್ಬರು ಇದೇ ಪರಿಹಾರ ಕೇಳಲು ಹೋಗಿದ್ದರು. ಕೌಂಟರಿನಲ್ಲಿದ್ದ ಮಹಿಳೆ ಕ್ರಯಪತ್ರದ ತಾರೀಖಿನ ಮೇಲೆ ಬೆರಳಿಟ್ಟು, "153 ಕೊಟ್ಟಿದ್ದೀರಾ?" ಎಂದು ಕೇಳಿದರು. ಇವರು ಆ ಸಂಖ್ಯೆಯನ್ನೇ ಕೇಳಿರಲಿಲ್ಲ. 1978ರ ಕಾನೂನಿನಂತೆ, ಪೌರತ್ವವಾಗಲಿ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಆಗಲಿ ಇಲ್ಲದವರು ಕೃಷಿ ಭೂಮಿ ಕೊಂಡರೆ 90 ದಿನಗಳೊಳಗೆ ಎಫ್‌ಎಸ್‌ಎ-153 ನಮೂನೆಯಲ್ಲಿ ವರದಿ ಕೊಡಬೇಕು. ತಡವಾದರೆ ವಾರಕ್ಕೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 0.1ರಷ್ಟು ದಂಡ, ಗರಿಷ್ಠ ಶೇ 25. ನಾಲ್ಕು ಲಕ್ಷ ಡಾಲರಿನ ಹೊಲಕ್ಕೆ ವಾರಕ್ಕೆ 400 ಡಾಲರ್, ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ. ಆ ಮಹಾಶಯರು ಕೇಳಲು ಹೋದ ಪರಿಹಾರ ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿ ಕೊಂಡರೆ ತಪ್ಪಿಸಿಕೊಳ್ಳಬಹುದೆಂಬ ಸಲಹೆಯನ್ನು ನಂಬಬೇಡಿ, ಅದರಲ್ಲಿ ಒಬ್ಬ ವಿದೇಶಿಯ ಪಾಲು ಶೇ 10 ಇದ್ದರೂ ವರದಿ ಕಡ್ಡಾಯ. ಒಟ್ಟು 10 ಎಕರೆ ಮೀರದ, ವರ್ಷಕ್ಕೆ 1,000 ಡಾಲರಿಗಿಂತ ಹೆಚ್ಚು ಹುಟ್ಟುವಳಿಯಿಲ್ಲದ ಜಮೀನಿಗೆ ಮಾತ್ರ ವಿನಾಯಿತಿಯಿದೆ. ಇದನ್ನು ನೆನಪಿಸುವ ದಲ್ಲಾಳಿಯನ್ನು ನಾನು ಕಂಡಿಲ್ಲ.

ಸಬ್ಸಿಡಿಯ ವಿಷಯದಲ್ಲೂ ಗ್ರೀನ್ ಕಾರ್ಡ್ ಇಲ್ಲದವರಿಗೆ ಬಾಗಿಲು ಬಹುತೇಕ ಮುಚ್ಚಿದೆ. ಜಮೀನು, ಬಂಡವಾಳಗಳ ಜೊತೆಗೆ ಗಣನೀಯ ಪ್ರಮಾಣದ ಸ್ವಂತ ದುಡಿಮೆಯನ್ನೂ ತೋರಿಸಿದರೆ ಮಾತ್ರ ಅವಕಾಶ. ಎಚ್-1ಬಿಯವರು ಹಾಗೆ ದುಡಿದೆನೆಂದು ಬರೆದುಕೊಟ್ಟರೆ ವೀಸಾಕ್ಕೇ ಕುತ್ತು ಬರಬಹುದಾದ್ದರಿಂದ ವಲಸೆ ವಕೀಲರನ್ನು ಕೇಳದೆ ಸಹಿ ಹಾಕಬಾರದು. ಎಫ್‌ಎಸ್‌ಎ-153ರ 90 ದಿನಗಳ ಗಡುವು ಈಗಾಗಲೇ ಮೀರಿದ್ದರೆ, ಇಲಾಖೆಯವರಾಗಿ ಪತ್ತೆ ಹಚ್ಚುವವರೆಗೆ ಕಾಯದೆ, ತಡವಾದ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು ನೀವೇ ವರದಿ ಸಲ್ಲಿಸಿ. ದಂಡ ತಗ್ಗಿಸುವಾಗ ವಿಷಯ ಹೇಗೆ ಬೆಳಕಿಗೆ ಬಂತೆಂಬುದನ್ನೂ ಇಲಾಖೆ ಪರಿಗಣಿಸುತ್ತದೆ.